ಬೆಲೆಬಾಳುವ ಚಿತ್ರಗ್ರಂಥಗಳ ಸಂಗ್ರಹವನ್ನು ಕುರಿತು

ಈಚಿನ ಕೆಲವು ವರ್ಷಗಳಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರು ಬರೆಯುವ ಕಾಗದಗಳಲ್ಲಿ ಒಂದು ಹೊಸ ಸಂಗತಿಯನ್ನು ಕಾಣುತ್ತಿದ್ದೇವೆ. ಮದುವೆ, ಮಕ್ಕಳು, ಮನೆ ಕಟ್ಟಿಸಿದುದು, ಕೆಲಸದಲ್ಲಿ ಬಡ್ತಿ ದೊರೆತುದು, ಇವುಗಳ ಸಾಲಿಗೆ ತಾವು ಕೊಂಡ ಪುಸ್ತಕದ ಸಮಾಚಾರವೂ ಸೇರಿದೆ. ಅದು ಸಾಮಾನ್ಯ ಪುಸ್ತಕವಲ್ಲ. ರಾಮಾಯಣವೋ, ಅರೇಬಿಯನ್ ನೈಟ್ಸ್ ಕಥೆಗಳೋ, ಗ್ರಿಮ್ ಸಹೋದರರ ಕಥೆಗಳೋ ಆಗಿ, ಹೆಸರಾಂತ ಚಿತ್ರಕಾರರ ವರ್ಣಚಿತ್ರಗಳಿಂದ ಕೂಡಿ, ಚರ್ಮದ ಇಲ್ಲವೆ ರೇಷ್ಮೆಯ ರಟ್ಟನ್ನು ಹೊದ್ದು, ಅಂಚಿಗೆ ಚಿನ್ನದ ಲೇಪವನ್ನು ಪಡೆದು, ತನ್ನದೇ ಆದ ಪೆಟ್ಟಿಗೆಯೊಳಗೆ ಕುಳಿತು ಬರುವ ಗ್ರಂಥ. ಇಷ್ಟೇ ಪ್ರತಿಗಳನ್ನು ಅಚ್ಚುಹಾಕಿದೆ, ಇದು ಅವುಗಳಲ್ಲಿ ಇಷ್ಟನೆಯದು ಎಂದು ಅದರ ಕೊನೆಯ ಪುಟದಲ್ಲಿ ಮಸಿಯಿಂದ ಬರೆದಿರುತ್ತದೆ. ಬೆಲೆಯನ್ನು ಕೇಳಿದರೆ ನಮ್ಮಂತಹ ಉಪಾಧ್ಯಾಯಿನಿಯರು ಒಂದು ಗಳಿಗೆ ಕುರ್ಚಿಯನ್ನು ಹಿಡಿದುಕೊಳ್ಳಬೇಕಾಗುತ್ತದೆ.

ಈ ಸಮಾಚಾರದಿಂದ ನಮಗೆ ಸಂತೋಷವಾಗಲಿಲ್ಲವೆಂದರೆ ಸುಳ್ಳಾದೀತು. ಮನೆಯಲ್ಲಿ ಕ್ಯಾಲೆಂಡರೊಂದನ್ನು ಬಿಟ್ಟರೆ ಅಚ್ಚಾದ ಅಕ್ಷರವನ್ನೇ ಕಾಣದಿದ್ದ ಹುಡುಗಿಯೊಬ್ಬಳು ದೊಡ್ಡವಳಾಗಿ, ತನ್ನ ಸ್ವಂತ ಸಂಪಾದನೆಯಿಂದ ಗ್ರಂಥವನ್ನು ಕೊಳ್ಳುತ್ತಾಳೆಂಬುದು ಸಣ್ಣ ಮಾತಲ್ಲ. ಅದೇ ಹಣಕ್ಕೆ ಬಳೆಯನ್ನು ಮಾಡಿಸಿಕೊಂಡಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಪುಸ್ತಕವನ್ನು ಕೊಂಡುದಕ್ಕಾಗಿ ಅತ್ತೆಯಿಂದ ಕೇಳಿದ ಮಾತುಗಳನ್ನು ಒಬ್ಬಿಬ್ಬರು ಬರೆದಿದ್ದಾರೆ. ಆ ಅತ್ತೆಯರ ಪಕ್ಷವನ್ನು ನಾವು ವಹಿಸುವುದಿಲ್ಲ. ಆದರೆ ಕಾಗದದ ಮುಂದಿನ ಸಾಲು ನಮ್ಮನ್ನು ತಡೆದು ನಿಲ್ಲಿಸುತ್ತದೆ. ಮಕ್ಕಳ ಕೈಗೆ ಸಿಕ್ಕದಂತೆ ಬೀರುವಿನ ಮೇಲಿನ ಅರೆಯಲ್ಲಿ ಇಟ್ಟಿದ್ದೇನೆ, ಹೊದಿಕೆಯನ್ನು ಕೂಡ ಇನ್ನೂ ಬಿಚ್ಚಿಲ್ಲ ಎಂದು ಅವರು ಅಭಿಮಾನದಿಂದಲೇ ಬರೆಯುತ್ತಾರೆ. ಈ ಒಂದು ಸಾಲಿಗೆ ಪ್ರತ್ಯೇಕವಾಗಿ ಉತ್ತರ ಬರೆಯುವುದಕ್ಕಿಂತ ಎಲ್ಲರಿಗೂ ಸೇರಿಸಿ ಈ ಸಂಚಿಕೆಯಲ್ಲಿ ಬರೆಯುವುದು ಲೇಸೆಂದು ತೋರಿತು.

ಎಣಿಸಿದಷ್ಟೇ ಪ್ರತಿಗಳನ್ನು ಅಚ್ಚುಹಾಕುವ ಈ ಪದ್ಧತಿಯು ಎಲ್ಲಿಂದ ಬಂತೆಂಬುದನ್ನು ಮೊದಲು ನೋಡೋಣ. ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ ಎಂಬ ಮಹನೀಯನು, ಯಂತ್ರಗಳು ಕಾರುತ್ತಿದ್ದ ಕುರೂಪವಾದ ಪುಸ್ತಕಗಳನ್ನು ಕಂಡು ಬೇಸತ್ತು, ಕೆಲ್ಮ್‌ಸ್ಕಾಟ್ ಎಂಬ ಮುದ್ರಣಾಲಯವನ್ನು ಸ್ಥಾಪಿಸಿದನು. ಅಲ್ಲಿಂದ 1896ರಲ್ಲಿ ಹೊರಬಂದ ಚಾಸರ್ ಕವಿಯ ಕೃತಿಗಳಲ್ಲಿ ಬರ್ನ್-ಜೋನ್ಸ್ ಬರೆದ 87 ಚಿತ್ರಗಳಿವೆ. ಕಾಗದದ ಮೇಲೆ 425 ಪ್ರತಿಗಳು, ಹದಮಾಡಿದ ತೊಗಲಿನ ಮೇಲೆ 13 ಪ್ರತಿಗಳು, ಅಷ್ಟೇ. ಕಾಗದದ ಪ್ರತಿಗೆ 20 ಪೌಂಡು ಬೆಲೆ. ಕಲೆಯು ಸರ್ವರಿಗೂ ದೊರೆಯಬೇಕೆಂದು ಬೀದಿಯಲ್ಲಿ ನಿಂತು ಉಪನ್ಯಾಸ ಮಾಡುತ್ತಿದ್ದ ಮನುಷ್ಯನು ಮಾಡಿದ ಪುಸ್ತಕವನ್ನು ಕೊಳ್ಳಬಲ್ಲವರು ಶ್ರೀಮಂತರು ಮಾತ್ರ! ಆದರೂ ಅವನನ್ನು ಜರಿಯಲು ನಮಗೆ ಮನಸ್ಸು ಬಾರದು. ಕೈಯಿಂದ ಮಾಡಿದ ಕಾಗದ, ಮರದಲ್ಲಿ ಕೊರೆದ ಚಿತ್ರ, ಕೈಯಿಂದ ಒತ್ತಿದ ಅಚ್ಚು. ಇಷ್ಟು ಕೆಲಸವಿದ್ದಾಗ ಪ್ರತಿಗಳು ತಾವಾಗಿಯೇ ಕಡಮೆಯಾಗುತ್ತವೆ.

ಮುಂದೆ ಬಂದವರಲ್ಲಿ ಎಲ್ಲರೂ ಹಾಗಲ್ಲ. 1905ರಲ್ಲಿ ಆರ್ಥರ್ ರ‍್ಯಾಕಮ್‌ನ ಚಿತ್ರಗಳೊಡನೆ ರಿಪ್ ವಾನ್ ವಿಂಕಲ್ ಕಥೆಯು ಪ್ರಕಟವಾದಾಗ, ಚಿತ್ರಕಾರನ ರುಜುವುಳ್ಳ 250 ಪ್ರತಿಗಳು ಸಂಗ್ರಾಹಕರಿಗೆ, ಮಿಕ್ಕ ಪ್ರತಿಗಳು ಪೇಟೆಗೆ ಎಂದು ವಿಂಗಡವಾಯಿತು. ಕಥೆ ಅದೇ, ಚಿತ್ರಗಳೂ ಅವೇ. ಅಮೆರಿಕದಲ್ಲಿ ಜಾರ್ಜ್ ಮೇಸಿ ಎಂಬುವನು 1929ರಲ್ಲಿ ಪರಿಮಿತ ಪ್ರತಿಗಳ ಒಂದು ಸಂಘವನ್ನೇ ತೆರೆದು, ಚಂದಾದಾರರಿಗಾಗಿ ಒಂದೊಂದು ಗ್ರಂಥವನ್ನು 1,500 ಪ್ರತಿಗಳಂತೆ ಹೊರಡಿಸಿದನು. ಅದೇ ಮೇಸಿಯು 1935ರಲ್ಲಿ ಹೆರಿಟೇಜ್ ಮುದ್ರಣಾಲಯವನ್ನು ಸ್ಥಾಪಿಸಿ ಅಂತಹ ಚಿತ್ರಗ್ರಂಥಗಳನ್ನೇ ಸಾಮಾನ್ಯ ಗೃಹಸ್ಥರ ಬೆಲೆಗೆ ಕೊಡತೊಡಗಿದನೆಂಬುದನ್ನು ಸಂಗ್ರಾಹಕರು ಅಷ್ಟಾಗಿ ಹೇಳುವುದಿಲ್ಲ. ಲಂಡನ್ನಿನ ಫೋಲಿಯೋ ಸೊಸೈಟಿಯು 1947ರಲ್ಲಿ ಹುಟ್ಟಿದ್ದೇ ಒಳ್ಳೆಯ ಗ್ರಂಥಗಳನ್ನು ಅಂದವಾಗಿ ಅಚ್ಚುಹಾಕಿ ಎಲ್ಲರ ಕೈಗೆ ಎಟುಕಿಸಬೇಕೆಂಬ ಉದ್ದೇಶದಿಂದ. ಇಂದು ಅದೇ ಸಂಸ್ಥೆಯ ಪರಿಮಿತ ಪ್ರತಿಯೊಂದಕ್ಕೆ ನೂರಾರು ಪೌಂಡುಗಳಾಗುತ್ತವೆ.

ಹೀಗಿರಲು, ಇಂತಹ ಪುಸ್ತಕದ ಬೆಲೆಯಲ್ಲಿ ಎರಡು ಬಗೆಯ ಹಣವು ಬೆರೆತಿರುತ್ತದೆ ಎಂಬುದು ನಮ್ಮ ಎಣಿಕೆ. ಕೆಲಸಕ್ಕೆ ಸಲ್ಲುವ ಹಣವೊಂದು. ಪಕ್ಕದ ಮನೆಯಲ್ಲಿ ಇಲ್ಲವೆಂಬುದಕ್ಕೆ ಸಲ್ಲುವ ಹಣ ಮತ್ತೊಂದು. ಮೊದಲನೆಯದನ್ನು ಧಾರಾಳವಾಗಿ ಕೊಡಿರಿ. ಎರಡನೆಯದನ್ನು ಕೊಡುವ ಮುನ್ನ ಸ್ವಲ್ಪ ತಡೆಯಿರಿ. ನಮ್ಮ ಕೊಳ್ಳೇಗಾಲದ ನೇಕಾರನು ಒಂದು ರೇಷ್ಮೆ ಸೀರೆಯನ್ನು ನೇಯಲು ಎಷ್ಟು ದಿನ ಕುಳಿಗಳಲ್ಲಿ ಕಾಲಿಟ್ಟು ಕೂರುತ್ತಾನೋ ಅಷ್ಟಕ್ಕೆ ಬೆಲೆಯನ್ನು ಕೇಳುತ್ತಾನೆ. ಈ ಅಂಚಿನ ಸೀರೆಯನ್ನು ಇನ್ನೂರೈವತ್ತಕ್ಕಿಂತ ಹೆಚ್ಚು ನೇಯುವುದಿಲ್ಲವೆಂದು ಸೆರಗಿನ ಮೇಲೆ ಅಂಕೆಯನ್ನು ಹಾಕುವುದು ಅವನಿಗೆ ಹೊಳೆದಿಲ್ಲ. ಹೊಳೆಯದಿರಲಿ!

ಕೈಕೆಲಸದ ಪುಸ್ತಕಗಳಿಗೆ ದೂರ ಹೋಗಬೇಕಾದುದೂ ಇಲ್ಲ. ಚೆನ್ನೈಯಲ್ಲಿ 1994ರಲ್ಲಿ ಆರಂಭವಾದ ತಾರಾ ಬುಕ್ಸ್ ಸಂಸ್ಥೆಯವರು ಮಧ್ಯಪ್ರದೇಶದ ಗೊಂಡ ಚಿತ್ರಕಾರರಿಂದ ಮರಗಳ ಕಥೆಗಳನ್ನು ಬರೆಯಿಸಿ, ಕಪ್ಪು ಕಾಗದದ ಮೇಲೆ ಬಣ್ಣಬಣ್ಣವಾಗಿ ಪರದೆಯಚ್ಚಿನಿಂದ ಒತ್ತಿ, ಕೈಯಿಂದಲೇ ಹೊಲಿದು 2006ರಲ್ಲಿ ಹೊರತಂದರು. ಅದಕ್ಕೂ ಪ್ರತಿಯೊಂದಕ್ಕೆ ಅಂಕೆಯುಂಟು. ಆದರೆ ಮುಗಿದಂತೆಲ್ಲ ಮತ್ತೆ ಅಚ್ಚುಹಾಕುತ್ತಾರೆ. ಅಂಕೆಯು ಕೈಯ ಲೆಕ್ಕಕ್ಕೇ ಹೊರತು ಬಾಗಿಲು ಹಾಕುವುದಕ್ಕಲ್ಲ. ಅದನ್ನು ಮೂಗಿನ ಬಳಿ ಹಿಡಿದರೆ ಬಣ್ಣದ ವಾಸನೆಯು ಬರುತ್ತದೆ. ನಮ್ಮ ಗ್ರಂಥಭಂಡಾರದ ಪ್ರತಿಯ ಮೂಲೆಗಳು ಸವೆದಿವೆ. ಅದನ್ನು ನಾವು ಬಂದವರಿಗೆಲ್ಲ ತೋರಿಸುತ್ತೇವೆ.

ಚಿತ್ರಗ್ರಂಥಗಳೆಂದೊಡನೆ ಪರದೇಶವನ್ನೇ ನೆನೆಯುವುದು ಈ ಸೀಮೆಯವರಿಗೆ ಸಲ್ಲದು. ಬದನಗುಪ್ಪೆಯಿಂದ ಕೂಗಳತೆಯಲ್ಲಿರುವ ಚಾಮರಾಜನಗರಕ್ಕೆ ಆ ಹೆಸರನ್ನು ಕೊಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು. ಅರಿಕುಠಾರವೆಂಬ ಊರಿನಲ್ಲಿ ತಮ್ಮ ತಂದೆಯವರು ಹುಟ್ಟಿದರೆಂದು 1818ರಲ್ಲಿ ಅದಕ್ಕೆ ಅವರ ಹೆಸರನ್ನಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಇದನ್ನು ನಮ್ಮ ಹುಡುಗಿಯರು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಆದರೆ ಆ ದೊರೆಯು ಶ್ರೀತತ್ತ್ವನಿಧಿಯೆಂಬ ಅಪೂರ್ವವಾದ ಚಿತ್ರಗ್ರಂಥವನ್ನು ರಚಿಸಿದರೆಂಬುದು ಬಹುಮಂದಿಗೆ ತಿಳಿಯದು. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ ಮೊದಲಾಗಿ ಒಂಬತ್ತು ನಿಧಿಗಳು. ಪುರಾಣಕಥೆಗಳಲ್ಲಿ ಬರುವ ದೇವತೆಗಳ ಒಂದೊಂದು ರೂಪಕ್ಕೂ ಶ್ಲೋಕ, ಶ್ಲೋಕಕ್ಕೆ ತಕ್ಕ ವರ್ಣಚಿತ್ರ. ಮೈಸೂರಿನ ಚಿತ್ರಗಾರರು ಎಷ್ಟು ಕಾಲ ಅದಕ್ಕೆ ದುಡಿದಿರಬೇಕೆಂದು ಒಂದು ಪುಟವನ್ನು ಕಂಡವರು ಊಹಿಸಬಹುದು. ಬೆಲೆಯ ಮಾತೇ ಇಲ್ಲದ ಗ್ರಂಥ, ಪ್ರತಿಗಳೆಂದರೆ ಬೆರಳೆಣಿಕೆ. ಅರಮನೆಯಲ್ಲಿಯೇ ಉಳಿದಿದ್ದರೆ ಅದು ಒಂದು ಸ್ವತ್ತಾಗಿ ಮಾತ್ರ ಇರುತ್ತಿತ್ತು. ಅದರ ಪಾಠವು ಮುಂಬಯಿಯಲ್ಲಿ ಅಚ್ಚಾಯಿತು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವು ಹಲವು ಭಾಗಗಳನ್ನು ವರ್ಣಚಿತ್ರಗಳೊಡನೆ ಪ್ರಕಟಿಸಿತು. ಕೌತುಕನಿಧಿಯಲ್ಲಿದ್ದ 122 ಯೋಗಾಸನಗಳ ಚಿತ್ರಗಳನ್ನು ನಾರ್ಮನ್ ಶೋಮನ್ ಎಂಬ ವಿದ್ವಾಂಸನು 1996ರಲ್ಲಿ ತನ್ನ ಪುಸ್ತಕದಲ್ಲಿ ಸೇರಿಸಿದ ಮೇಲೆ ಲೋಕದ ನಾನಾ ಕಡೆಗಳ ಯೋಗಾಭ್ಯಾಸಿಗಳು ಮೈಸೂರಿನ ಚಿತ್ರಗಾರನ ಗೆರೆಯನ್ನು ಕಂಡರು. ಆ ಚಿತ್ರಗಾರರ ಹೆಸರುಗಳು ಅರಸರ ಹೆಸರಿನಷ್ಟು ಪ್ರಸಿದ್ಧವಾಗಲಿಲ್ಲವೆಂಬ ಮಾತು ಬೇರೆ.

ಮುದ್ರಣದ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುತ್ತೇವೆ. ಬಾಸೆಲ್ ಮಿಶನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಆರಂಭಿಸಿದರು. ಅಲ್ಲಿನ ಹೆರ್ಮನ್ ಮೊಗ್ಲಿಂಗ್ ಅವರು 1848ರಿಂದ ಮುಂದಕ್ಕೆ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಒಂದು ಗ್ರಂಥಮಾಲೆಯಾಗಿ ಪ್ರಕಟಿಸಿದಾಗ, ಖರ್ಚಿಗೆ ಹಣ ಕೊಟ್ಟವರು ಗುಂಡ್ಲುಪೇಟೆಯಿಂದಾಚೆಗೆ ಬೆಟ್ಟವನ್ನು ಹತ್ತಿದರೆ ಸಿಕ್ಕುವ ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧಿಪತಿಗಳು. ಅವರು ಆ ಹಣದಿಂದ ತಮ್ಮ ಮನೆಗೆ ಹಳೆಯ ಓಲೆಗರಿಗಳನ್ನು ಕೊಂಡು ಕೂಡಿಟ್ಟುಕೊಳ್ಳಬಹುದಾಗಿತ್ತು. ಹಾಗೆ ಮಾಡದೆ ಅಚ್ಚುಹಾಕಿಸಿದರು.

ಈಗ ನಮ್ಮ ತರಗತಿಗೆ ಬರೋಣ. ಮೇವಾಡದ ರಾಣಾ ಜಗತ್ಸಿಂಹನು 1649ರಿಂದ 1653ರವರೆಗೆ ಬರೆಯಿಸಿದ ಸಚಿತ್ರ ರಾಮಾಯಣವು ಪ್ರಪಂಚದ ಶ್ರೇಷ್ಠ ಚಿತ್ರಗ್ರಂಥಗಳಲ್ಲಿ ಒಂದು. ನಾನೂರಕ್ಕೂ ಮೇಲ್ಪಟ್ಟ ಚಿತ್ರಗಳು. ಸಾಹಿಬ್ದೀನನೆಂಬ ಮುಸಲ್ಮಾನ ಚಿತ್ರಕಾರನು ಅದರ ಮುಖ್ಯ ಕೈಗಳಲ್ಲೊಬ್ಬ. ಕಾಲಾಂತರದಲ್ಲಿ ಅದರ ಬಹುಭಾಗವು ಲಂಡನ್ನಿಗೂ ಉಳಿದುದು ಮುಂಬಯಿ ಮುಂತಾದೆಡೆಗೂ ಚದರಿಹೋಗಿತ್ತು. 2014ರಲ್ಲಿ ಬ್ರಿಟಿಷ್ ಲೈಬ್ರರಿಯವರೂ ಮುಂಬಯಿಯ ವಸ್ತುಸಂಗ್ರಹಾಲಯದವರೂ ಸೇರಿ ಅದನ್ನು ಗಣಕಯಂತ್ರದ ಮೂಲಕ ಒಂದುಗೂಡಿಸಿದರು. ಇದರ ಕೆಲವು ಚಿತ್ರಗಳನ್ನು ದೊಡ್ಡದಾಗಿ ಅಚ್ಚು ತೆಗೆಸಿ ಎಂಟನೆಯ ತರಗತಿಯ ಮೇಜಿನ ಮೇಲೆ ಹರಡಿದೆವು. ವರ್ಷವಿಡೀ ಪಾಠದಲ್ಲಿ ಬಾಯಿಬಿಡದ ಹುಡುಗಿಯೊಬ್ಬಳು ಬಹಳ ಹೊತ್ತು ಬಗ್ಗಿ ನೋಡಿ, "ಮಿಸ್, ಒಬ್ನೇ ರಾಮ ಮೂರ್ ಕಡೆ ಅವ್ನಲ್ಲಾ!" ಎಂದಳು. ನಿಜ. ಆ ಚಿತ್ರಕಾರನು ಕಥೆಯ ಮೂರು ಗಳಿಗೆಗಳನ್ನು ಒಂದೇ ಪಟದಲ್ಲಿ ಕೂಡಿಸುವ ಕ್ರಮದವನು. ಅದನ್ನು ನಾವು ವಿವರಿಸುವಷ್ಟರಲ್ಲಿ ಅವಳೇ, "ನಮ್ಮಪ್ಪ ಕಂಸಾಳೆ ಪದ ಹೇಳೋವಾಗ ಮಾದಪ್ಪನೂ ಹಂಗೇ ಮಿಸ್, ಬೆಟ್ಟದ ಮೇಲೂ ಅವ್ನೆ, ಕೆಳಗೂ ಅವ್ನೆ" ಎಂದು ಮುಗಿಸಿದಳು. ಕಲಾವಿಮರ್ಶಕರು ಪುಟಗಟ್ಟಲೆ ಬರೆಯುವ ವಿಷಯವನ್ನು ಹಾಡುಗಾರನ ಮಗಳು ಎರಡು ಮಾತಿನಲ್ಲಿ ಹೇಳಿದಳು. ಆ ಪಟವು ಬೀಗದೊಳಗಿದ್ದಿದ್ದರೆ ಅವಳ ತಲೆಯಲ್ಲಿದ್ದುದೂ ಬೀಗದೊಳಗೇ ಇರುತ್ತಿತ್ತು.

ಇದಾದ ಸ್ವಲ್ಪ ಕಾಲದ ಮೇಲೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು, ಅವರ ಹೆಸರನ್ನು ಹೇಳುವುದು ಅವರಿಗೆ ಇಷ್ಟವಾಗಲಾರದು, ಪಾಠಶಾಲೆಗೆ ಬಹಳ ಬೆಲೆಯ ಒಂದು ಸಚಿತ್ರ ಕಥಾಗ್ರಂಥವನ್ನು ಕೊಡಲು ಮುಂದೆ ಬಂದರು. ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಬೇಕು, ವಾರ್ಷಿಕೋತ್ಸವದ ದಿನ ಅತಿಥಿಗಳಿಗೆ ತೋರಿಸಬೇಕು, ವಿದ್ಯಾರ್ಥಿನಿಯರು ಮುಟ್ಟಕೂಡದು, ಎಂಬುದು ಅವರ ಕಟ್ಟಳೆ. ಗ್ರಂಥಭಂಡಾರದ ಸಮಿತಿಯಲ್ಲಿ ಇದರ ಮೇಲೆ ಸಾಕಷ್ಟು ಚರ್ಚೆಯಾಯಿತು. ಕೊಟ್ಟುದನ್ನು ಬೇಡವೆನ್ನಬಾರದೆಂದು ಕೆಲವರು. ಅದನ್ನು ಮಾರಿ, ಬಂದ ಹಣಕ್ಕೆ ನೂರಾರು ಅಗ್ಗದ ಪುಸ್ತಕಗಳನ್ನು ಕೊಂಡರೆ ಮೇಲೆಂದು ಗಣಿತದ ಉಪಾಧ್ಯಾಯಿನಿಯವರು. ನಾವು ಈ ಎರಡಕ್ಕೂ ಒಪ್ಪಲಿಲ್ಲ. ಕಟ್ಟಳೆಯನ್ನು ಸಡಿಲಿಸಿದರೆ ಸಂತೋಷದಿಂದ ಸ್ವೀಕರಿಸುತ್ತೇವೆ, ಇಲ್ಲವಾದರೆ ವಂದನೆಗಳೊಡನೆ ಹಿಂದಿರುಗಿಸುತ್ತೇವೆ ಎಂದು ಬರೆದೆವು. ಅವರು ಬೇಸರಪಟ್ಟುಕೊಂಡರು. ಪುಸ್ತಕವು ಇನ್ನೂ ಬಂದಿಲ್ಲ. ಈ ಬರವಣಿಗೆಯನ್ನು ಅವರು ಓದುವರೆಂದು ನಮಗೆ ಗೊತ್ತು, ಓದಲೆಂದೇ ಬರೆದಿದ್ದೇವೆ.

ಗಣಿತದ ಉಪಾಧ್ಯಾಯಿನಿಯವರ ಮಾತಿಗೂ ಉತ್ತರ ಹೇಳಬೇಕಷ್ಟೆ. ಅಗ್ಗದ ಪುಸ್ತಕಗಳು ಬೇಡವೆಂದು ನಾವು ಹೇಳುವುದಿಲ್ಲ. ಕನ್ನಡನಾಡಿನ ಮಕ್ಕಳಿಗೆ ಹಳೆಯ ಕಥೆಗಳನ್ನು ಚಿತ್ರಗಳೊಡನೆ ಕೊಟ್ಟುದು ಚರ್ಮದ ರಟ್ಟಿನ ಗ್ರಂಥಗಳಲ್ಲ. 1949ರಲ್ಲಿ ಕನ್ನಡಕ್ಕೆ ಬಂದ ಚಂದಮಾಮವೂ, ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಉತ್ಸಾಹದಿಂದ 1965ರಲ್ಲಿ ಮೊದಲು ಕನ್ನಡದಲ್ಲಿಯೇ ಹೊರಬಂದ ಅಮರ ಚಿತ್ರಕಥೆಯೂ ಆ ಕೆಲಸವನ್ನು ಮಾಡಿದುವು. ಅದಕ್ಕೂ ಹಿಂದೆ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯದ ಪಟಗಳು ಹಳ್ಳಿಯ ಅಂಗಡಿಯ ಗೋಡೆಗೂ ಶಕುಂತಲೆಯನ್ನು ತಂದುವು. ಅದೇ ರವಿವರ್ಮನು ಮೈಸೂರು ಅರಮನೆಗಾಗಿ ಬರೆದ ಮೂಲಚಿತ್ರಗಳನ್ನು ಕಾಣಲು ಜಗನ್ಮೋಹನ ಅರಮನೆಗೆ ಹೋಗಬೇಕು. ಹೋಗಿ ಕಂಡವರಿಗೆ ವ್ಯತ್ಯಾಸವು ತಿಳಿಯುತ್ತದೆ. ಬಣ್ಣವೆಂದರೇನು, ಗೆರೆಯೆಂದರೇನು, ಒಳ್ಳೆಯ ಕಾಗದವು ಬೆರಳಿಗೆ ಹೇಗಿರುತ್ತದೆ ಎಂಬುದನ್ನು ಒಮ್ಮೆಯಾದರೂ ಬಡವರ ಮಗಳು ಅರಿಯಬೇಕು. ಶ್ರೇಷ್ಠವಾದುದು ಶ್ರೀಮಂತರ ಮಕ್ಕಳಿಗೆ, ಸವಕಲಾದುದು ನಮ್ಮ ಹುಡುಗಿಯರಿಗೆ ಎಂಬ ಲೆಕ್ಕಾಚಾರವನ್ನು ಈ ಪಾಠಶಾಲೆಯಲ್ಲಿ ನಾವು ಎಂದೂ ಒಪ್ಪಿದವರಲ್ಲ. ಆದುದರಿಂದಲೇ ಒಳ್ಳೆಯ ಚಿತ್ರಗ್ರಂಥ ಬೇಕೆನ್ನುತ್ತೇವೆ, ಮತ್ತು ಆದುದರಿಂದಲೇ ಬೀಗ ಬೇಡವೆನ್ನುತ್ತೇವೆ.

ಮುಂದೆ ಬೆಲೆಯೇರುವುದೆಂಬ ಆಸೆಯಿಂದ ಕೊಳ್ಳುವವರೂ ಉಂಟು. ಅವರಿಗೆ ಹೇಳುವ ಮಾತು ಚಿಕ್ಕದು. ಚಿನ್ನವನ್ನು ಒಯ್ದರೆ ಚಾಮರಾಜನಗರದ ಯಾವ ಅಂಗಡಿಯಲ್ಲಿಯೂ ತೂಗಿ ಹಣ ಕೊಡುತ್ತಾರೆ. ಪುಸ್ತಕಕ್ಕೆ ಅಂತಹ ತಕ್ಕಡಿಯಿಲ್ಲ. ಅದೇ ಪುಸ್ತಕವನ್ನು ಬಯಸುವ ಇನ್ನೊಬ್ಬರು ಸಿಕ್ಕಬೇಕು. ಹೊದಿಕೆ ಬಿಚ್ಚಿದರೆ ಬೆಲೆ ಇಳಿಯಿತೆಂದು ಹೆದರಿ ಓದದೆ ಇಟ್ಟ ಗ್ರಂಥದಿಂದ ಲಾಭವಾಯಿತೆಂದೇ ಇಟ್ಟುಕೊಂಡರೂ, ಆ ಹೊತ್ತಿಗೆ ಮಗಳು ಕಥೆ ಕೇಳುವ ವಯಸ್ಸನ್ನು ದಾಟಿರುತ್ತಾಳೆ.

ಮಕ್ಕಳು ಹಾಳುಮಾಡುತ್ತಾರೆಂಬ ಭಯವು ಸುಳ್ಳೆಂದು ನಾವು ಹೇಳುವುದಿಲ್ಲ. ಮೂವತ್ತು ಹುಡುಗಿಯರ ಕೈಗೆ ಸಿಕ್ಕಿದ ಪುಸ್ತಕವು ಇದ್ದಂತೆಯೇ ಇರುವುದಿಲ್ಲ. ಆದರೆ ಮುಚ್ಚಿಟ್ಟ ಪುಸ್ತಕವೂ ಕ್ಷೇಮವಾಗಿರುವುದಿಲ್ಲ. ಗಾಳಿಯಾಡದ ಬೀರುವಿನಲ್ಲಿ ಮಳೆಗಾಲದ ತೇವಕ್ಕೆ ಚರ್ಮದ ರಟ್ಟಿನ ಮೇಲೆ ಬೂಷ್ಟು ಹಿಡಿಯುತ್ತದೆ, ಬೆಳ್ಳಿಮೀನು ಹುಳವು ಅಂಟಿನ ಆಸೆಗೆ ಬೆನ್ನನ್ನು ಕೆರೆಯುತ್ತದೆ. ತಿಂಗಳಿಗೊಮ್ಮೆಯಾದರೂ ಪುಟಗಳನ್ನು ತಿರುವಿಹಾಕಿ ನೆರಳಿನಲ್ಲಿ ಗಾಳಿಗೆ ಇಡುವುದೇ ಒಳ್ಳೆಯ ಮದ್ದು. ನಮ್ಮಲ್ಲಿ ಶನಿವಾರ ಪಾಠಗಳು ಮುಗಿದ ಮೇಲೆ ಬೀರುವನ್ನು ತೆರೆಯುತ್ತೇವೆ. ಹುಡುಗಿಯರು ನಲ್ಲಿಯಲ್ಲಿ ಕೈ ತೊಳೆದು ಒರಸಿಕೊಂಡು, ಮೇಜಿನ ಮೇಲೆ ಹಾಸಿದ ಬಿಳಿಯ ಬಟ್ಟೆಯ ಮೇಲೆ ಪುಸ್ತಕವನ್ನಿಟ್ಟು, ಪುಟದ ಮೇಲಿನ ಮೂಲೆಯನ್ನು ಹಿಡಿದು ತಿರುವುತ್ತಾರೆ. ಬೆರಳಿಗೆ ಎಂಜಲು ಹಚ್ಚಕೂಡದು. ಇದನ್ನು ಕಲಿಸಲು ಎರಡು ವಾರಗಳು ಸಾಕಾದುವು. ಮನೆಗಳಲ್ಲಿಯೂ ಇಷ್ಟನ್ನು ಮಾಡಬಹುದು. ಭಾನುವಾರ ಸಂಜೆ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಇನ್ನೂ ಒಳಿತು, ಏಕೆಂದರೆ ಚಿತ್ರದಲ್ಲಿ ಬಿಟ್ಟುಹೋದ ಕಥೆಯು ಅವರಲ್ಲಿರುತ್ತದೆ.

ಕೊನೆಯದಾಗಿ ಒಂದು ಸಮಾಚಾರ. ಒಂಬತ್ತನೆಯ ತರಗತಿಯವರು ಈ ವರ್ಷ ಮಲೆಯ ಮಾದೇಶ್ವರನ ಕಾವ್ಯದಲ್ಲಿ ಬರುವ ಸಂಕಮ್ಮನ ಕಥೆಯನ್ನು ತಮ್ಮ ತಾಯಂದಿರಿಂದಲೂ ಹಾಡುಗಾರರಿಂದಲೂ ಕೇಳಿ ಬರೆದುಕೊಂಡು, ಚಿತ್ರಗಳೊಡನೆ ಒಂದು ಪುಸ್ತಕವಾಗಿ ಕಟ್ಟುತ್ತಿದ್ದಾರೆ. ಶಂಕಿಸುವ ಗಂಡನು ಕೇಳಿದ ಭಾಷೆಯನ್ನು ಕೊಡಲೊಲ್ಲದೆ ಗಟ್ಟಿಯಾಗಿ ನಿಂತ ಸಂಕಮ್ಮನ ಮುಖವನ್ನು ಹೇಗೆ ಬರೆಯಬೇಕೆಂಬುದರ ಮೇಲೆ ತರಗತಿಯಲ್ಲಿ ದೊಡ್ಡ ಜಗಳವೇ ಆಗಿದೆ. ಅಳುತ್ತಿರಬೇಕೆಂದು ಅರ್ಧ ಮಂದಿ, ಕೂಡದೆಂದು ಅರ್ಧ ಮಂದಿ. ನಾವು ಬಾಯಿ ಹಾಕಿಲ್ಲ. ಅವರಿಗೆ ದಪ್ಪವಾದ ಚಿತ್ರದ ಕಾಗದವೂ, ನೀರಿನ ಬಣ್ಣಗಳೂ, ಹೊಲಿಯಲು ಮೇಣದ ದಾರವೂ, ರಟ್ಟಿಗೆ ಒಂದಿಷ್ಟು ಕೊಳ್ಳೇಗಾಲದ ರೇಷ್ಮೆಯ ತುಂಡುಗಳೂ ಬೇಕಾಗಿವೆ. ಕಳುಹಿಸಲಿಚ್ಛಿಸುವವರು ಕಚೇರಿಯ ವಿಳಾಸಕ್ಕೆ ಕಳುಹಿಸಬಹುದು. ಕೆಂಪು ಬಣ್ಣವು ಈಗಾಗಲೇ ಮುಗಿದಿದೆ.